ಒಂದೇ ಕೈಗೆ ಎರಡು ಕೆಲಸ: ಅಫ್ಗನ್ ಸೇನೆ ಕಟ್ಟಿದ ಕತೆ

ಯುದ್ಧ ಮುಗಿಯಿತು ಎಂದು ಸಾರುವ ಸಮಾರಂಭವನ್ನೇ ಗುಟ್ಟಾಗಿ ಮಾಡಬೇಕಾಗಿ ಬಂದರೆ ಆ ಯುದ್ಧ ಮುಗಿದಿಲ್ಲವೆಂದೇ ಅರ್ಥ. 2014ರ ಡಿಸೆಂಬರ್ 28ರಂದು ಕಾಬೂಲ್‌ನ ನ್ಯಾಟೊ ಕೇಂದ್ರ ಕಚೇರಿಯಲ್ಲಿ ಆದದ್ದು ಹಾಗೆಯೇ. ಆವರಣದ ಜಿಮ್ ಒಂದರೊಳಗೆ ಅಮೆರಿಕದ ಜನರಲ್ ಜಾನ್ ಕ್ಯಾಂಪ್‌ಬೆಲ್ ಹಳೆಯ ಧ್ವಜವನ್ನು ಸುತ್ತಿಟ್ಟು ಹೊಸದನ್ನು ಬಿಚ್ಚಿದರು. ತಾಲಿಬಾನ್ ದಾಳಿಯ ಹೆದರಿಕೆಯಿಂದ ಕಾರ್ಯಕ್ರಮದ ವಿವರವನ್ನು ಹೊರಗೆ ಬಿಟ್ಟಿರಲಿಲ್ಲ. ಹದಿಮೂರು ವರ್ಷ ನಡೆದ ‘ಎಂಡ್ಯೂರಿಂಗ್ ಫ್ರೀಡಮ್’ ಕಾರ್ಯಾಚರಣೆ ಅಲ್ಲಿಗೆ ಮುಗಿಯಿತು. ನಾಲ್ಕು ದಿನ ಕಳೆದು 2015ರ ಜನವರಿ 1ರಿಂದ ಹೊಸ ಕಾರ್ಯಾಚರಣೆ ಜಾರಿಗೆ ಬಂತು.

ಹೊಸದಕ್ಕೆ ಎರಡು ಹೆಸರು, ಎರಡು ಕೆಲಸ. ನ್ಯಾಟೊ ಒಕ್ಕೂಟದ ಪಾಲಿನದು ‘ರೆಸೊಲ್ಯೂಟ್ ಸಪೋರ್ಟ್’. ಅಫ್ಗನ್ ಸೇನೆ ಮತ್ತು ಪೊಲೀಸರಿಗೆ ತರಬೇತಿ, ಸಲಹೆ, ನೆರವು ಕೊಡುವುದು ಅದರ ಕೆಲಸ. ತಾನಾಗಿ ಕಾದಾಡುವುದು ಅದರ ಪಟ್ಟಿಯಲ್ಲಿ ಇರಲಿಲ್ಲ. ಅಮೆರಿಕದ ಪಾಲಿನದು ‘ಫ್ರೀಡಮ್ಸ್ ಸೆಂಟಿನೆಲ್’. ಇದು ಆ ತರಬೇತಿಗೂ ಸೈನಿಕರನ್ನು ಕೊಡುತ್ತಿತ್ತು, ಜೊತೆಗೆ ಅಲ್‌ ಖೈದಾದಲ್ಲಿ ಉಳಿದವರನ್ನು, ಆಮೇಲೆ ಇಸ್ಲಾಮಿಕ್ ಸ್ಟೇಟ್‌ನ ಖೊರಾಸಾನ್ ಶಾಖೆಯವರನ್ನು ಹುಡುಕಿ ಹೊಡೆಯುವ ಕೆಲಸವನ್ನೂ ಮಾಡುತ್ತಿತ್ತು. ಎರಡಕ್ಕೂ ದಂಡನಾಯಕ ಒಬ್ಬನೇ. ಹಗಲು ಪಾಠ ಹೇಳಿಸುವುದೂ ರಾತ್ರಿ ದಾಳಿಗೆ ಅಪ್ಪಣೆ ಕೊಡುವುದೂ ಒಂದೇ ಮೇಜಿನ ಮೇಲೆ ತೀರ್ಮಾನವಾಗುತ್ತಿದ್ದವು.

ಇದಕ್ಕೆ ಕಾನೂನಿನ ಆಧಾರ ಸಿಕ್ಕಿದ್ದೂ ಸಲೀಸಾಗಿ ಅಲ್ಲ. ವಿದೇಶಿ ಸೇನೆ ಉಳಿಯಬೇಕಾದರೆ ಒಪ್ಪಂದಕ್ಕೆ ಸಹಿ ಬೇಕಿತ್ತು. ಅಧ್ಯಕ್ಷ ಹಮೀದ್ ಕರ್ಜಾಯಿ ಕೊನೆಯವರೆಗೂ ಸಹಿ ಹಾಕಲಿಲ್ಲ. ರಾತ್ರಿ ಹೊತ್ತು ಮನೆಗಳಿಗೆ ನುಗ್ಗುವ ದಾಳಿಗಳು, ಬಾಂಬಿಗೆ ಸಿಕ್ಕಿ ಸಾಯುವ ಹಳ್ಳಿಗರು, ಇವೇ ಅವರ ತಕರಾರು. 2014ರ ಸೆಪ್ಟೆಂಬರ್ 29ರಂದು ಅಶ್ರಫ್ ಘನಿ ಅಧಿಕಾರ ವಹಿಸಿಕೊಂಡರು. ಮರುದಿನವೇ ಸಹಿ ಬಿತ್ತು. ಕರ್ಜಾಯಿ ಎತ್ತಿದ ತಕರಾರು ಮಾತ್ರ ಉತ್ತರ ಸಿಗದೆ ಹಾಗೆಯೇ ಉಳಿಯಿತು. ಮುಂದಿನ ಆರೂವರೆ ವರ್ಷ ಈ ಕಾರ್ಯಾಚರಣೆಯನ್ನು ಕಾಡಿದ್ದೂ ಅದೇ.

ಭಯೋತ್ಪಾದಕನನ್ನು ಹೊಡೆಯುವ ಕೆಲಸಕ್ಕೆ ಒಂದು ರಾತ್ರಿ ಸಾಕು. ಬೆಳಗಾಗುವಷ್ಟರಲ್ಲಿ ಫಲಿತಾಂಶ ಕೈಯಲ್ಲಿರುತ್ತದೆ, ವಾಷಿಂಗ್ಟನ್‌ಗೆ ವರದಿಯೂ ಹೋಗುತ್ತದೆ. ಸೇನೆ ಕಟ್ಟುವುದಕ್ಕೆ ಒಂದು ತಲೆಮಾರು ಬೇಕು. ಹವಾಲ್ದಾರ ತಯಾರಾಗಲು ಹತ್ತು ವರ್ಷ, ಉಗ್ರಾಣದ ಲೆಕ್ಕ ಸರಿಯಾಗಿ ಇಡುವ ಪದ್ಧತಿ ಬೇರೂರಲು ಇನ್ನೂ ಹತ್ತು ವರ್ಷ. ಇವೆರಡನ್ನೂ ಒಬ್ಬನ ಕೈಗೆ ಕೊಟ್ಟರೆ ಅವಸರದ ಕೆಲಸ ನಿಧಾನದ ಕೆಲಸವನ್ನು ನುಂಗುತ್ತದೆ. ಅಫ್ಗಾನಿಸ್ತಾನದಲ್ಲಿ ಆದದ್ದು ಇದೇ ಎಂಬುದು ನನ್ನ ಖಚಿತ ಅಭಿಪ್ರಾಯ. 2021ರ ಆಗಸ್ಟ್‌ನಲ್ಲಿ ಕಾಬೂಲ್ ತಾಲಿಬಾನ್ ಕೈಗೆ ಬಿದ್ದಾಗ ಅಫ್ಗನ್ ಸೈನಿಕರ ಹೇಡಿತನವೇ ಕಾರಣವೆಂದು ಜಗತ್ತು ಮಾತಾಡಿಕೊಂಡಿತು. ಅದು ಸತ್ಯಕ್ಕೆ ದೂರ, ಸತ್ತವರಿಗೆ ಬಗೆದ ಅನ್ಯಾಯ.

ತರಬೇತಿ ನಡೆಯುತ್ತಿದ್ದ ಬಗೆಯನ್ನು ಹತ್ತಿರದಿಂದ ನೋಡಬೇಕು. ಆರಂಭದಲ್ಲಿ ಸುಮಾರು 13 ಸಾವಿರ ವಿದೇಶಿ ಸೈನಿಕರಿದ್ದರು, ಹೆಚ್ಚಿನವರು ಅಮೆರಿಕದವರು. ಉತ್ತರದ ಮಜಾರ್-ಎ-ಷರೀಫ್‌ನಲ್ಲಿ ಜರ್ಮನಿ, ಪಶ್ಚಿಮದ ಹೆರಾತ್‌ನಲ್ಲಿ ಇಟಲಿ, ಕಾಬೂಲ್‌ನಲ್ಲಿ ಟರ್ಕಿ, ದಕ್ಷಿಣಕ್ಕೂ ಪೂರ್ವಕ್ಕೂ ಅಮೆರಿಕ, ಹೀಗೆ ಹೊಣೆ ಹಂಚಿಕೆಯಾಗಿತ್ತು. ಎದುರಿಗಿದ್ದದ್ದು ಕಾಗದದ ಮೇಲೆ 3,52,000 ಸಂಖ್ಯೆಯ ಸೇನೆ ಮತ್ತು ಪೊಲೀಸ್ ಬಲ. ಇಷ್ಟು ದೊಡ್ಡ ಬಲಕ್ಕೆ ಇಷ್ಟು ಕಡಿಮೆ ಗುರುಗಳು. ಹಾಗಾಗಿ ಸಲಹೆಗಾರರು ಬಹುಪಾಲು ಸಚಿವಾಲಯ ಮತ್ತು ದೊಡ್ಡ ದಳಗಳ ಕೇಂದ್ರ ಕಚೇರಿಗಳಲ್ಲೇ ಕುಳಿತರು. ನಿಜವಾಗಿ ಗುಂಡು ಹಾರುತ್ತಿದ್ದ ಠಾಣೆಗಳಲ್ಲಿ ಏನಾಗುತ್ತಿದೆ ಎಂಬುದು ಅವರಿಗೆ ತಲುಪುತ್ತಿದ್ದದ್ದು ಅಫ್ಗನ್ ಅಧಿಕಾರಿಗಳು ಬರೆದುಕೊಟ್ಟ ಕಾಗದದಲ್ಲಿ.

ಕುಳಿತ ಕೋಣೆಯ ಸ್ಥಿತಿಯಾದರೂ ಹೇಗಿತ್ತು? ಅಫ್ಗನ್ ಕರ್ನಲ್ ಎದುರು ವಿದೇಶಿ ಸಲಹೆಗಾರ, ನಡುವೆ ದುಭಾಷಿ, ಮೇಜಿನ ಮೇಲೆ ಹಸಿರು ಚಹಾ, ಒಣದ್ರಾಕ್ಷಿ, ಬಾದಾಮಿ. ಮೂಲೆಯಲ್ಲಿ ಗುಂಡು ತುಂಬಿದ ಬಂದೂಕು ಹಿಡಿದ ಇನ್ನೊಬ್ಬ ವಿದೇಶಿ ಸೈನಿಕ. ಅವನ ಹೆಸರು ‘ಗಾರ್ಡಿಯನ್ ಏಂಜಲ್’. ಅವನಿಗೆ ಚಹಾ ಇಲ್ಲ, ಮಾತಿಲ್ಲ. ಕೋಣೆಗೆ ಬರುವ ಅಫ್ಗನ್ನರಲ್ಲಿ ಯಾರಾದರೂ ಸಲಹೆಗಾರನ ಮೇಲೆ ಬಂದೂಕು ಎತ್ತಿದರೆ ಮೊದಲು ಹೊಡೆಯುವುದು ಅವನ ಕೆಲಸ. ಪಾಠ ಕಲಿಯಲು ಬಂದವನ ಕೈಗಳನ್ನೇ ಕಣ್ಣಿಟ್ಟು ಕಾಯುತ್ತಾ ಪಾಠ ಹೇಳಬೇಕಾದ ಸ್ಥಿತಿ ಅದು.

ಕಾಯದೆ ಬೇರೆ ದಾರಿಯೂ ಇರಲಿಲ್ಲ. 2014ರ ಆಗಸ್ಟ್ 5ರಂದು ಕಾಬೂಲ್ ಹೊರವಲಯದ ಸೇನಾ ಅಕಾಡೆಮಿಯಲ್ಲಿ ಅಫ್ಗನ್ ಸೈನಿಕನೊಬ್ಬ ಹಾರಿಸಿದ ಗುಂಡಿಗೆ ಮೇಜರ್ ಜನರಲ್ ಹೆರಾಲ್ಡ್ ಗ್ರೀನ್ ಬಲಿಯಾದರು. ವಿಯೆಟ್ನಾಂ ನಂತರ ವಿದೇಶಿ ಯುದ್ಧಭೂಮಿಯಲ್ಲಿ ಅಷ್ಟು ಹಿರಿಯ ದರ್ಜೆಯ ಅಮೆರಿಕನ್ ಅಧಿಕಾರಿ ಸತ್ತದ್ದು ಅದೇ ಮೊದಲು. 2018ರ ಅಕ್ಟೋಬರ್ 18ರಂದು ಕಂದಹಾರದ ರಾಜ್ಯಪಾಲರ ಆವರಣದಲ್ಲಿ ಸಭೆ ಮುಗಿಸಿ ಹೊರಬರುವಾಗ ಕಾವಲುಗಾರನೊಬ್ಬ ಗುಂಡು ಹಾರಿಸಿ ಪೊಲೀಸ್ ಮುಖ್ಯಸ್ಥ ಜನರಲ್ ಅಬ್ದುಲ್ ರಾಜಿಕ್ ಅವರನ್ನು ಕೊಂದ. ಕೆಲವೇ ಹೆಜ್ಜೆ ದೂರದಲ್ಲಿದ್ದ ಇಡೀ ಕಾರ್ಯಾಚರಣೆಯ ದಂಡನಾಯಕ ಜನರಲ್ ಸ್ಕಾಟ್ ಮಿಲ್ಲರ್ ಬದುಕಿಕೊಂಡರು. ಇಂಥ ಪ್ರತಿ ಘಟನೆಯ ಬಳಿಕ ಸಲಹೆಗಾರರ ಓಡಾಟ ಕಡಿಮೆಯಾಗುತ್ತಿತ್ತು. ಅವರೂ ವರ್ಷದೊಳಗೆ ಬದಲಾಗುವವರು. ಅಫ್ಗನ್ ಕರ್ನಲ್ ಒಬ್ಬ ತನ್ನ ಸೇವೆಯಲ್ಲಿ ಎಷ್ಟೋ ಜನ ಗುರುಗಳನ್ನು ಕಂಡು, ಪ್ರತಿಯೊಬ್ಬರಿಗೂ ತನ್ನ ಕಷ್ಟವನ್ನು ಮೊದಲಿನಿಂದ ಹೇಳಬೇಕಾಗಿತ್ತು.

ಎರಡು ಕೆಲಸಗಳ ನಡುವಿನ ಗೆರೆ ಅಳಿಸಿಹೋದರೆ ಏನಾಗುತ್ತದೆ ಎಂಬುದು ಮೊದಲ ವರ್ಷವೇ ಕುಂದುಜ್‌ನಲ್ಲಿ ಕಂಡಿತು. 2015ರ ಸೆಪ್ಟೆಂಬರ್ 28ರಂದು ಕೆಲವೇ ನೂರು ತಾಲಿಬಾನಿಗಳು ಆ ನಗರವನ್ನು ಹಿಡಿದರು. 2001ರ ನಂತರ ಪ್ರಾಂತ್ಯವೊಂದರ ರಾಜಧಾನಿ ಅವರ ವಶವಾದದ್ದು ಅದೇ ಮೊದಲು. ಊರನ್ನು ಮರಳಿ ಪಡೆಯಲು ಅಫ್ಗನ್ ಕಮಾಂಡೊಗಳು ಬಂದರು. ಸಲಹೆಗಾರರೆಂಬ ಹೆಸರಿನಲ್ಲಿ ಅಮೆರಿಕದ ವಿಶೇಷ ಪಡೆಯೂ ಬಂತು. ಅಕ್ಟೋಬರ್ 3ರ ನಸುಕಿನಲ್ಲಿ ಅಫ್ಗನ್ನರು ತೋರಿಸಿದ ಗುರಿಯನ್ನು ಹುಡುಕುತ್ತಿದ್ದ ಅಮೆರಿಕದ ಎಸಿ-130 ವಿಮಾನ, ಸುಮಾರು 400 ಮೀಟರ್ ದೂರದ ಬೇರೆ ಕಟ್ಟಡವನ್ನೇ ಗುರಿಯೆಂದು ಬಗೆದು ಗುಂಡಿನ ಮಳೆಗರೆಯಿತು. ಅದು ‘ಡಾಕ್ಟರ್ಸ್ ವಿದೌಟ್ ಬಾರ್ಡರ್ಸ್’ ಸಂಸ್ಥೆಯ ಆಸ್ಪತ್ರೆ. ಆಸ್ಪತ್ರೆ ಎಲ್ಲಿದೆ ಎಂಬ ನಿಖರ ವಿವರವನ್ನು ಸಂಸ್ಥೆ ಕೆಲವೇ ದಿನ ಮೊದಲು ಸೇನೆಗೆ ಕೊಟ್ಟಿತ್ತು. ದಾಳಿ ನಡೆಯುತ್ತಿದ್ದಾಗಲೂ ಕರೆ ಮಾಡಿ ನಿಲ್ಲಿಸಿ ಎಂದು ಅಂಗಲಾಚಿತು. ರೋಗಿಗಳು, ಅವರ ಆರೈಕೆಗೆ ಬಂದವರು, ವೈದ್ಯಕೀಯ ಸಿಬ್ಬಂದಿ ಸೇರಿ 42 ಜನ ಸತ್ತರು. ಒಬಾಮ ಕ್ಷಮೆ ಕೇಳಿದರು, 16 ಮಂದಿಯ ಮೇಲೆ ಶಿಸ್ತುಕ್ರಮವಾಯಿತು. ಕ್ರಿಮಿನಲ್ ಮೊಕದ್ದಮೆ ಯಾರ ಮೇಲೂ ಆಗಲಿಲ್ಲ.

ಮೊದಮೊದಲು ಅಫ್ಗನ್ ಸೇನೆಗೆ ತೀರಾ ಸಂಕಟ ಬಂದಾಗ ಮಾತ್ರ ಅಮೆರಿಕದ ವಿಮಾನ ನೆರವಿಗೆ ಹೋಗಬಹುದಿತ್ತು. 2016ರಲ್ಲಿ ಒಬಾಮ ಆ ಕಟ್ಟು ಸಡಿಲಿಸಿದರು. 2017ರ ಆಗಸ್ಟ್‌ನಲ್ಲಿ ಟ್ರಂಪ್ ಇನ್ನಷ್ಟು ಸಡಿಲಿಸಿ ಸೈನಿಕರನ್ನೂ ಹೆಚ್ಚಿಸಿದರು. 2019ರಲ್ಲಿ ಅಮೆರಿಕ ಆಕಾಶದಿಂದ ಹಾಕಿದ ಬಾಂಬು, ಕ್ಷಿಪಣಿಗಳು 7,423. ನಮ್ಮ ಹಳ್ಳಿಗಳಲ್ಲಿ ಮಕ್ಕಳಿಗೆ ಬಾವಿಯಲ್ಲಿ ಈಜು ಕಲಿಸುವಾಗ ಬೆನ್ನಿಗೆ ಬೆಂಡು ಕಟ್ಟುತ್ತಾರೆ. ಕೈಕಾಲು ಆಡಿಸಲು ಬಂದಂತೆ ಬೆಂಡಿನ ಹಲ್ಲೆಗಳನ್ನು ಒಂದೊಂದಾಗಿ ಕಡಿಮೆ ಮಾಡುತ್ತಾರೆ. ಅಫ್ಗನ್ ಸೇನೆಗೆ ಕಟ್ಟಿದ ಬೆಂಡು ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತಲೇ ಹೋಯಿತು, ಕೊನೆಗೆ ನಡುನೀರಿನಲ್ಲಿ ಒಮ್ಮೆಗೇ ಕಳಚಿತು.

ಹೆಲಿಕಾಪ್ಟರಿನ ವಿಚಾರ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಅಫ್ಗನ್ ವಾಯುಪಡೆಯ ಬಳಿ ರಷ್ಯಾದ ಎಂಐ-17ಗಳಿದ್ದವು. ಸೋವಿಯತ್ ಕಾಲದಿಂದ ಪರಿಚಿತವಾದ ಯಂತ್ರ, ಎತ್ತರದ ಬೆಟ್ಟಗಳಲ್ಲಿ ಹೆಚ್ಚು ಭಾರ ಹೊತ್ತು ಹಾರುತ್ತಿತ್ತು. ಅಫ್ಗನ್ ಮೆಕ್ಯಾನಿಕ್‌ಗಳೇ ಅದರ ದುರಸ್ತಿಯ ಬಹುಪಾಲನ್ನು ಮಾಡಿಕೊಳ್ಳುತ್ತಿದ್ದರು. ಆದರೆ ರಷ್ಯಾದಿಂದ ಕೊಳ್ಳಲು ಅಮೆರಿಕದ ಸಂಸತ್ತಿನಲ್ಲಿ ವಿರೋಧ. 2017ರಿಂದ ಅದರ ಜಾಗಕ್ಕೆ ಅಮೆರಿಕದ ಬ್ಲ್ಯಾಕ್ ಹಾಕ್ ಬಂತು. ಪೈಲಟ್‌ಗಳು ಮೊದಲಿನಿಂದ ಕಲಿಯಬೇಕಾಯಿತು. ದುರಸ್ತಿ ಕೆಲಸ ಹೆಚ್ಚುಕಡಿಮೆ ಪೂರ್ತಿ ವಿದೇಶಿ ಗುತ್ತಿಗೆ ಕಂಪನಿಗಳ ಕೈಗೆ ಹೋಯಿತು. ತಾನೇ ರಿಪೇರಿ ಮಾಡಿಕೊಳ್ಳಬಲ್ಲ ಯಂತ್ರವನ್ನು ಕಿತ್ತುಕೊಂಡು, ಇನ್ನೊಬ್ಬರು ಬಂದು ರಿಪೇರಿ ಮಾಡಬೇಕಾದ ಯಂತ್ರ ಕೊಟ್ಟಂತಾಯಿತು. ಗುತ್ತಿಗೆದಾರರು ಹೊರಟರೆ ಈ ವಿಮಾನಗಳು ಕೆಲವು ತಿಂಗಳಷ್ಟೇ ಹಾರಬಲ್ಲವು ಎಂದು 2021ರ ಆರಂಭದಲ್ಲೇ ಅಮೆರಿಕದ ಅಧಿಕೃತ ತಪಾಸಣಾ ವರದಿ ಎಚ್ಚರಿಸಿತ್ತು.

ಆ ತಪಾಸಣೆ ನಡೆಸಿದ್ದು ‘ಸಿಗಾರ್’. ಅಫ್ಗಾನಿಸ್ತಾನದ ಪುನರ್‌ನಿರ್ಮಾಣ ವೆಚ್ಚದ ಮೇಲೆ ಕಣ್ಣಿಡಲೆಂದೇ ಅಮೆರಿಕದ ಸಂಸತ್ತು ರಚಿಸಿದ ಕಚೇರಿ. ಜಾನ್ ಸೊಪ್ಕೊ ಹಲವು ವರ್ಷ ಅದರ ಮುಖ್ಯಸ್ಥರಾಗಿದ್ದರು. ಅಫ್ಗನ್ ಭದ್ರತಾ ಪಡೆಗಳಿಗಾಗಿ ಎರಡು ದಶಕದಲ್ಲಿ ಅಮೆರಿಕ ಸುಮಾರು 8,800 ಕೋಟಿ ಡಾಲರ್ ವ್ಯಯಿಸಿತು. ಆ ಹಣ ಹೋದ ದಾರಿ ಈ ಕಚೇರಿಯ ವರದಿಗಳಲ್ಲಿದೆ. ಇಟಲಿಯಲ್ಲಿ ತಯಾರಾದ 20 ಸರಕು ಸಾಗಣೆ ವಿಮಾನಗಳಿಗೆ ಸುಮಾರು 55 ಕೋಟಿ ಡಾಲರ್ ಸುರಿದರು. ಬಿಡಿಭಾಗ ಸಿಗದೆ ಅವು ನೆಲ ಹಿಡಿದವು. ಅವುಗಳಲ್ಲಿ 16ನ್ನು ಕಾಬೂಲ್‌ನಲ್ಲೇ ತುಂಡರಿಸಿ ಪೌಂಡ್‌ಗೆ ಆರು ಸೆಂಟ್‌ನಂತೆ ಗುಜರಿಗೆ ಹಾಕಿದರು. ಮರುಭೂಮಿ, ಬೋಳುಗುಡ್ಡಗಳೇ ತುಂಬಿದ ನಾಡಿನ ಸೈನಿಕರಿಗೆ ಕಾಡಿನಲ್ಲಿ ಅಡಗಲು ಒಪ್ಪುವ ಹಸಿರು ಮಾದರಿಯ ಸಮವಸ್ತ್ರ ಆರಿಸಿ, ಅದಕ್ಕಾಗಿ ಕೋಟಿಗಟ್ಟಲೆ ಡಾಲರ್ ಹೆಚ್ಚಿಗೆ ತೆತ್ತರು.

ಸಂಬಳದ ಪಟ್ಟಿಯದು ಇನ್ನೊಂದು ಕತೆ. ಲೆಕ್ಕಕ್ಕುಂಟು ಆಟಕ್ಕಿಲ್ಲ ಎನ್ನುವಂಥ ಸೈನಿಕರು ಸಾವಿರ ಸಾವಿರ. ಸತ್ತವರ, ಓಡಿಹೋದವರ, ಹುಟ್ಟಿಯೇ ಇರದವರ ಹೆಸರಿನಲ್ಲಿ ಬರುತ್ತಿದ್ದ ಸಂಬಳ ಮೇಲಧಿಕಾರಿಗಳ ಜೇಬು ಸೇರುತ್ತಿತ್ತು. ಬೆರಳಚ್ಚು, ಕಣ್ಣಿನ ಗುರುತು ಹಿಡಿದು ಎಣಿಸುವ ಹೊಸ ಪದ್ಧತಿ ಬಂದಾಗ, 2019ರಲ್ಲಿ, ಬಲದ ಸಂಖ್ಯೆ ಸುಮಾರು 2,72,000ಕ್ಕೆ ಇಳಿಯಿತು. ಇದರ ಪೆಟ್ಟು ಬಿದ್ದದ್ದು ನಿಜವಾಗಿ ಠಾಣೆಯಲ್ಲಿದ್ದವನ ಮೇಲೆ. ಹೆದ್ದಾರಿಯ ಬದಿಯಲ್ಲಿ ಮರಳುಚೀಲ ಪೇರಿಸಿ ಮಾಡಿದ ಠಾಣೆ. ಪಟ್ಟಿಯಲ್ಲಿ ಹೆಸರಿದ್ದವರೆಲ್ಲ ಅಲ್ಲಿ ಇರುತ್ತಿರಲಿಲ್ಲ. ಇದ್ದವರಿಗೆ ತಿಂಗಳುಗಟ್ಟಲೆ ಸಂಬಳವಿಲ್ಲ, ರಜೆಯಿಲ್ಲ. ಊಟ, ಗುಂಡು, ಗಾಯಾಳುವನ್ನು ಒಯ್ಯುವ ಹೆಲಿಕಾಪ್ಟರ್ ಯಾವುದೂ ಸಮಯಕ್ಕೆ ಬರುವ ಭರವಸೆಯಿಲ್ಲ. ಇಂಥ ಸಾವಿರಾರು ಸಣ್ಣ ಠಾಣೆಗಳನ್ನು ತಾಲಿಬಾನ್ ಒಂದೊಂದಾಗಿ ಸುತ್ತುವರಿದು ತಿನ್ನುತ್ತಾ ಹೋಯಿತು. ತಾನು ಅಧಿಕಾರಕ್ಕೆ ಬಂದ ಮೇಲೆ 45 ಸಾವಿರ ಭದ್ರತಾ ಸಿಬ್ಬಂದಿ ಸತ್ತಿದ್ದಾರೆ ಎಂದು 2019ರ ಜನವರಿಯಲ್ಲಿ ಘನಿ ದಾವೋಸ್‌ನಲ್ಲಿ ಬಹಿರಂಗವಾಗಿ ಹೇಳಿದರು.

ಇದ್ದುದರಲ್ಲಿ ಗಟ್ಟಿಯಾಗಿದ್ದವರು ಕಮಾಂಡೊಗಳು. ಅಮೆರಿಕದ ವಿಶೇಷ ಪಡೆಗಳು ಜೊತೆಯಲ್ಲೇ ಇದ್ದು, ಒಟ್ಟಿಗೆ ಉಂಡು, ಒಟ್ಟಿಗೆ ದಾಳಿಗೆ ಹೋಗಿ ಬೆಳೆಸಿದ ಬಲ ಅದು. ಭಯೋತ್ಪಾದನೆ ನಿಗ್ರಹಕ್ಕೆ ಬೇಕಾದದ್ದೂ ಇವರೇ. ಹಾಗಾಗಿ ಒಳ್ಳೆಯ ಹುಡುಗರು, ಒಳ್ಳೆಯ ಅಧಿಕಾರಿಗಳು, ಒಳ್ಳೆಯ ಆಯುಧ ಎಲ್ಲವೂ ಇತ್ತ ಹರಿದವು; ಸಾಮಾನ್ಯ ಸೇನೆ ಸೊರಗಿತು. ಎಲ್ಲಿ ಠಾಣೆ ಬಿದ್ದರೂ ಕಮಾಂಡೊಗಳನ್ನು ಕಳಿಸಿ ಎಂಬ ಕೂಗು. ದಾಳಿ ಮಾಡಿ ಮರಳಬೇಕಾದವರು ವಾರಗಟ್ಟಲೆ ಊರು ಕಾಯುತ್ತಾ ಕೂರಬೇಕಾಯಿತು.

2020ರ ಫೆಬ್ರುವರಿ 29ರಂದು ದೋಹಾದಲ್ಲಿ ಅಮೆರಿಕ ಮತ್ತು ತಾಲಿಬಾನ್ ಒಪ್ಪಂದಕ್ಕೆ ಸಹಿ ಹಾಕಿದವು. ಯಾರ ಸೇನೆಯನ್ನು ವರ್ಷಗಳಿಂದ ತರಬೇತಿಗೊಳಿಸುತ್ತಿದ್ದರೋ ಆ ಅಫ್ಗನ್ ಸರ್ಕಾರ ಆ ಕೋಣೆಯಲ್ಲಿ ಇರಲಿಲ್ಲ. ಹದಿನಾಲ್ಕು ತಿಂಗಳಲ್ಲಿ ಸೈನಿಕರಷ್ಟೇ ಅಲ್ಲ, ತರಬೇತುದಾರರೂ ಗುತ್ತಿಗೆದಾರರೂ ಹೊರಡಬೇಕೆಂದು ಒಪ್ಪಂದದಲ್ಲಿತ್ತು. ಐದು ಸಾವಿರದವರೆಗೆ ತಾಲಿಬಾನ್ ಕೈದಿಗಳ ಬಿಡುಗಡೆಯ ಮಾತೂ ಇತ್ತು. 2020ರಲ್ಲಿ ಆಕಾಶದಿಂದ ಹಾಕಿದ ಬಾಂಬು, ಕ್ಷಿಪಣಿಗಳು 1,631ಕ್ಕೆ ಕುಸಿದವು. ಅವುಗಳಲ್ಲೂ ಅರ್ಧದಷ್ಟು ಒಪ್ಪಂದಕ್ಕೆ ಮೊದಲಿನ ಎರಡು ತಿಂಗಳವು. ಸೇನೆ ಕುಸಿದದ್ದಕ್ಕೆ ಎಲ್ಲಕ್ಕಿಂತ ದೊಡ್ಡ ಕಾರಣ ಈ ಒಪ್ಪಂದ ಮತ್ತು ಹಿಂತೆಗೆತ ಎಂದು ಸಿಗಾರ್ ಆಮೇಲೆ ಬರೆಯಿತು. ನಮ್ಮನ್ನು ಮಾರಿದರು ಎಂಬ ಭಾವನೆ ಠಾಣೆಯಿಂದ ಠಾಣೆಗೆ ಹಬ್ಬಿತು.

2021ರ ಏಪ್ರಿಲ್ 14ರಂದು ಬೈಡನ್ ಪೂರ್ಣ ವಾಪಸಾತಿ ಘೋಷಿಸಿದಾಗ ದೇಶದಲ್ಲಿ ಸುಮಾರು 17 ಸಾವಿರ ಗುತ್ತಿಗೆ ಕೆಲಸಗಾರರಿದ್ದರು. ಅವರು ಹೊರಟಂತೆ ವಿಮಾನಗಳು ಒಂದೊಂದಾಗಿ ಶೆಡ್ಡಿನಲ್ಲಿ ನಿಂತವು. ಅಫ್ಗನ್ ಮೆಕ್ಯಾನಿಕ್‌ಗಳಿಗೆ ವಿಡಿಯೊ ಕರೆಯಲ್ಲಿ ರಿಪೇರಿ ಹೇಳಿಕೊಡುವ ಪ್ರಯತ್ನವೂ ನಡೆಯಿತು. ಅತ್ತ ತಾಲಿಬಾನ್ ಪೈಲಟ್‌ಗಳನ್ನು ಅವರವರ ಮನೆಯ ಹತ್ತಿರವೇ ಹುಡುಕಿ ಕೊಲ್ಲತೊಡಗಿತು. ಜುಲೈ ಆರಂಭದಲ್ಲಿ ಅಮೆರಿಕದವರು ಬಗ್ರಾಮ್ ನೆಲೆಯನ್ನು ಕತ್ತಲಲ್ಲಿ ಖಾಲಿ ಮಾಡಿದರು. ಹೋದದ್ದು ಗೊತ್ತಾಗಿದ್ದೇ ಎರಡು ಗಂಟೆ ಕಳೆದ ಮೇಲೆ ಎಂದು ನೆಲೆ ವಹಿಸಿಕೊಂಡ ಅಫ್ಗನ್ ಜನರಲ್ ಪತ್ರಕರ್ತರಿಗೆ ಹೇಳಿದರು.

ಅದಕ್ಕೂ ಮೊದಲು, ಜೂನ್ 16ರಂದು, ಫರ್ಯಾಬ್ ಪ್ರಾಂತ್ಯದ ದೌಲತಾಬಾದ್‌ನಲ್ಲಿ ನಡೆದದ್ದನ್ನು ಮರೆಯಬಾರದು. ಕೈತಪ್ಪಿದ ಊರನ್ನು ಮರಳಿ ಪಡೆಯಲು ಹೋದ ಕಮಾಂಡೊ ತುಕಡಿಯನ್ನು ತಾಲಿಬಾನ್ ಸುತ್ತುವರಿಯಿತು. ಮೇಜರ್ ಸೊಹ್ರಾಬ್ ಅಜೀಮಿ ಆ ತುಕಡಿಯ ನಾಯಕ. ಅಮೆರಿಕದಲ್ಲಿ ತರಬೇತಿ ಪಡೆದವರು, ಅಫ್ಗನ್ ಜನರಲ್ ಒಬ್ಬರ ಮಗ. ವಾಯುನೆರವಿಗಾಗಿ ಕರೆ ಮಾಡಿದರು, ಅದು ಬರಲಿಲ್ಲ. ಗುಂಡುಗಳು ಮುಗಿದವು. ಶರಣಾಗಲು ಕೈಯೆತ್ತಿ ಹೊರಬಂದವರನ್ನು ಸಾಲಾಗಿ ಗುಂಡಿಟ್ಟು ಕೊಂದ ವಿಡಿಯೊ ಮುಂದೆ ಹೊರಬಿತ್ತು. ಸತ್ತವರು ಕನಿಷ್ಠ 22. ಅವರಿಗೆ ಕಲಿಸಿದ್ದ ಯುದ್ಧದಲ್ಲಿ ಮೇಲೊಂದು ವಿಮಾನ ಇದ್ದೇ ಇರುತ್ತಿತ್ತು. ಎರಡು ತಿಂಗಳು ಕಳೆದು, ಅಫ್ಗನ್ನರು ತಮಗಾಗಿ ಹೋರಾಡಲು ಸಿದ್ಧರಿಲ್ಲದ ಯುದ್ಧದಲ್ಲಿ ಅಮೆರಿಕದ ಸೈನಿಕರು ಸಾಯಬಾರದು ಎಂದು ಬೈಡನ್ ಹೇಳಿದಾಗ ಈ 22 ಜನರ ಮನೆಯವರಿಗೆ ಹೇಗೆನಿಸಿರಬೇಕು!

ಹಾಗಾದರೆ ಇಂಥ ಜೋಡಿ ಕಾರ್ಯಾಚರಣೆ ಎಲ್ಲೂ ಫಲಿಸಿಲ್ಲವೇ? ಫಿಲಿಪ್ಪೀನ್ಸ್ ದಕ್ಷಿಣದ ದ್ವೀಪಗಳಲ್ಲಿ ತಕ್ಕಮಟ್ಟಿಗೆ ಫಲಿಸಿತು. ಅಬು ಸಯ್ಯಾಫ್ ಗುಂಪಿನ ವಿರುದ್ಧ 2002ರಿಂದ 2015ರವರೆಗೆ ನೆರವು ಕೊಟ್ಟ ಅಮೆರಿಕದ ಪಡೆ ಹೆಚ್ಚಿನ ವರ್ಷಗಳಲ್ಲಿ ಐದಾರು ನೂರು ಜನರದು. ವಿದೇಶಿ ಸೈನಿಕ ತಮ್ಮ ನೆಲದಲ್ಲಿ ಕಾದಾಡುವುದಕ್ಕೆ ಅಲ್ಲಿನ ಕಾನೂನು ಎಡೆ ಕೊಡಲಿಲ್ಲ. ಆ ಕಟ್ಟುಪಾಡೇ ವರವಾಯಿತು. ಯುದ್ಧ ಫಿಲಿಪ್ಪೀನ್ಸ್ ಸೇನೆಯದಾಗಿಯೇ ಉಳಿಯಿತು, ಸಂಬಳ ಅವರದೇ ಖಜಾನೆಯದು, ಅಮೆರಿಕದವರು ರಸ್ತೆ, ಬಾವಿ, ಗುಪ್ತಚರ ಮಾಹಿತಿಗೆ ಸೀಮಿತರಾದರು. ಮಾಲಿಯಲ್ಲಿ ಇದಕ್ಕೆ ತದ್ವಿರುದ್ಧ. ಫ್ರಾನ್ಸ್ ‘ಬಾರ್ಖೇನ್’ ಹೆಸರಿನಲ್ಲಿ ಜಿಹಾದಿಗಳನ್ನು ಬೆನ್ನಟ್ಟಿತು, ಯುರೋಪಿಯನ್ ಒಕ್ಕೂಟ 2013ರಿಂದ ಸೈನಿಕರನ್ನು ತರಬೇತುಗೊಳಿಸಿತು. 2020ರ ಆಗಸ್ಟ್‌ನಲ್ಲಿ ಸೇನೆಯೇ ಸರ್ಕಾರವನ್ನು ಕೆಡವಿತು. ಕ್ಷಿಪ್ರಕ್ರಾಂತಿಯ ನಾಯಕ ಅಸಿಮಿ ಗೊಯಿಟಾ ಅಮೆರಿಕದ ತರಬೇತಿ ಪಡೆದ ಅಧಿಕಾರಿ. 2022ರ ಆಗಸ್ಟ್‌ನಲ್ಲಿ ಫ್ರಾನ್ಸ್‌ನ ಕೊನೆಯ ಸೈನಿಕ ಮಾಲಿಯಿಂದ ಹೊರಟ.

ಭಯೋತ್ಪಾದನೆ ನಿಗ್ರಹದ ಕೆಲಸವಾದರೂ ನಿಂತಿತೇ? ಇಲ್ಲ. 2022ರ ಜುಲೈ 31ರಂದು ಅಲ್‌ ಖೈದಾ ನಾಯಕ ಐಮನ್ ಅಲ್ ಜವಾಹಿರಿಯನ್ನು ಅಮೆರಿಕದ ಡ್ರೋನ್ ಕಾಬೂಲ್ ನಡುಮಧ್ಯೆ ಕೊಂದಿತು, ಆಗ ಅಮೆರಿಕದ ಸೈನಿಕನೊಬ್ಬನೂ ಆ ದೇಶದಲ್ಲಿ ಬೀಡುಬಿಟ್ಟಿರಲಿಲ್ಲ. ಆದರೆ ಅದಕ್ಕೆ ಹನ್ನೊಂದು ತಿಂಗಳು ಮೊದಲು, 2021ರ ಆಗಸ್ಟ್ 29ರಂದು, ಅಂಥದೇ ಡ್ರೋನ್ ಭಯೋತ್ಪಾದಕನೆಂದು ಹೊಡೆದದ್ದು ನೆರವು ಸಂಸ್ಥೆಯ ನೌಕರನೊಬ್ಬನ ಕಾರಿಗೆ. ಸತ್ತ ಹತ್ತು ಜನರಲ್ಲಿ ಏಳು ಮಕ್ಕಳು.

ಈ ಕತೆಯಲ್ಲಿ ಭಾರತದ ಪಾಲೂ ಇದೆ. 2011ರ ಒಪ್ಪಂದದಂತೆ ಭಾರತ ಅಫ್ಗಾನಿಸ್ತಾನಕ್ಕೆ ಸೈನಿಕರನ್ನು ಕಳಿಸದೆ, ಅವರ ಅಧಿಕಾರಿಗಳನ್ನು ಇಲ್ಲಿಗೆ ಕರೆಸಿ ಕಲಿಸಿತು. ಬೆಂಗಳೂರಿನ ಎಚ್‌ಎಎಲ್‌ನ ಮೂರು ಚೀತಲ್ ಹೆಲಿಕಾಪ್ಟರ್‌ಗಳು ಅಲ್ಲಿಗೆ ಹೋದವು. ನಾಲ್ಕು ಎಂಐ-25 ದಾಳಿ ಹೆಲಿಕಾಪ್ಟರ್‌ಗಳೂ ಹೋದವು. ಡೆಹ್ರಾಡೂನ್‌ನ ಸೇನಾ ಅಕಾಡೆಮಿಗೆ ಅಫ್ಗನ್ ಹುಡುಗರು ದಶಕಗಳಿಂದ ಬರುತ್ತಿದ್ದರು. 1982ರಲ್ಲಿ ಅಲ್ಲಿ ಕಲಿತ ಶೇರ್ ಮೊಹಮ್ಮದ್ ಅಬ್ಬಾಸ್ ಸ್ತಾನಿಕ್‌ಜೈ ಮುಂದೆ ತಾಲಿಬಾನ್‌ನ ಪ್ರಮುಖ ಸಂಧಾನಕಾರರಾಗಿ ದೋಹಾದಲ್ಲಿ ಕುಳಿತರು.

ಕಾಬೂಲ್ ಬಿದ್ದ ದಿನ ನಮ್ಮ ಅಕಾಡೆಮಿಗಳಲ್ಲಿ ಅಫ್ಗನ್ ಕೆಡೆಟ್‌ಗಳು ಕಲಿಯುತ್ತಿದ್ದರು. ಕೋರ್ಸ್ ಮುಗಿಯುವ ಹೊತ್ತಿಗೆ ಅವರು ಸೇರಬೇಕಾದ ಸೇನೆಯೇ ಇರಲಿಲ್ಲ. 2022ರ ಆರಂಭದಲ್ಲಿ ಅಂಥ 80 ಜನರಿಗೆ ಭಾರತ ಸರ್ಕಾರ ಒಂದು ವರ್ಷದ ಇಂಗ್ಲಿಷ್ ಕಲಿಕೆಯ ಅವಕಾಶ ಮಾಡಿ, ತಂಗಲು ಜಾಗ ಕೊಟ್ಟಿತು. ಅದು ಒಳ್ಳೆಯ ಕೆಲಸ. ಆದರೆ ಅದಕ್ಕೆ ಕೆಲವು ತಿಂಗಳು ಮೊದಲು, 2021ರ ಆಗಸ್ಟ್ 25ರಂದು, ಹೊರಗಿದ್ದ ಅಫ್ಗನ್ನರಿಗೆ ಆಗಲೇ ಕೊಟ್ಟಿದ್ದ ಭಾರತದ ವೀಸಾಗಳೆಲ್ಲವನ್ನೂ ಸರ್ಕಾರ ರದ್ದುಮಾಡಿತ್ತು. ತಾಲಿಬಾನ್ ಸಾರ್ವತ್ರಿಕ ಕ್ಷಮಾದಾನ ಘೋಷಿಸಿದ ಮೇಲೂ, 2021ರ ಆಗಸ್ಟ್ 15ರಿಂದ 2023ರ ಜೂನ್ 30ರವರೆಗೆ ಹಿಂದಿನ ಸರ್ಕಾರದ ಅಧಿಕಾರಿಗಳು ಮತ್ತು ಭದ್ರತಾ ಸಿಬ್ಬಂದಿಯಲ್ಲಿ ಕನಿಷ್ಠ 218 ಜನರನ್ನು ವಿಚಾರಣೆಯಿಲ್ಲದೆ ಕೊಲ್ಲಲಾಗಿದೆ ಎಂದು ವಿಶ್ವಸಂಸ್ಥೆಯ ಕಾಬೂಲ್ ಕಚೇರಿ ದಾಖಲಿಸಿದೆ. ನಮ್ಮ ಅಕಾಡೆಮಿಗಳಲ್ಲಿ ಪ್ರಮಾಣವಚನ ಸ್ವೀಕರಿಸಿ ಹೋದ ಅಧಿಕಾರಿಗಳಲ್ಲಿ ಯಾರಾದರೂ ಇವತ್ತು ದೆಹಲಿಯ ಬಾಗಿಲು ತಟ್ಟಿದರೆ ಅವರಿಗೂ ಅವರ ಹೆಂಡತಿ ಮಕ್ಕಳಿಗೂ ವೀಸಾ ಕೊಡಬೇಕು. ಅಷ್ಟು ಹೊಣೆ ನಮ್ಮ ಮೇಲಿದೆ.